ಚೌಕಳಿ ಬಟ್ಟೆಯ ಮೇಲೆ ಬೆಂಜೀನ್

ಕ್ರಾಸ್ ಸ್ಟಿಚ್ ಹಾಕುವವರ ನಮೂನೆಗಳಲ್ಲಿ ಈಗ ಗಿಳಿ, ಗುಲಾಬಿಗಳ ಜೊತೆ ಡಿಎನ್‌ಎ ಸುರುಳಿ, ಕೆಫೀನ್ ಅಣು, ನರಕೋಶ, ಆವರ್ತ ಕೋಷ್ಟಕಗಳೂ ಸೇರಿಕೊಂಡಿವೆ. ನೋಡಲು ಚೆಂದ, ಗೋಡೆಗೂ ಒಪ್ಪುತ್ತವೆ. ಆದರೆ ಚಿತ್ರದೊಳಗಿನ ವಿಜ್ಞಾನಕ್ಕಿಂತ ಅದರ ಕೆಳಗಿನ ಬಟ್ಟೆಯ ಗಣಿತವೇ ನನಗೆ ಹೆಚ್ಚು ಸೋಜಿಗ. ಚೌಕಳಿ ಬಟ್ಟೆ ಎಲ್ಲ ಆಕಾರಕ್ಕೂ ಬಗ್ಗುವುದಿಲ್ಲ. ಬೆಂಜೀನ್ ಉಂಗುರವನ್ನೇ ನೋಡಿ.

ಬೆಂಜೀನ್‌ನ ಆರು ಕಾರ್ಬನ್ ಪರಮಾಣುಗಳು ಒಂದು ಸಮ ಷಡ್ಭುಜದ ಮೂಲೆಗಳಲ್ಲಿ ಕೂತಿವೆ. ಮ್ಯಾಟಿ ಎಂದು ಕರೆಯುವ ಈ ಚೌಕಳಿ ಬಟ್ಟೆಯಲ್ಲಿ ಸೂಜಿ ಇಳಿಯುವುದು ಸಾಲು ಸಾಲು ತೂತುಗಳಲ್ಲಿ. ಆ ತೂತುಗಳನ್ನೇ ಮೂಲೆ ಮಾಡಿಕೊಂಡು ಸಮ ಷಡ್ಭುಜ ಹೊಲಿಯಲು ಬರುವುದೇ ಇಲ್ಲ. ಎಷ್ಟು ದೊಡ್ಡ ಬಟ್ಟೆ ತಂದರೂ ಅಷ್ಟೆ, ಚಿತ್ರವನ್ನು ಎಷ್ಟು ಓರೆ ಮಾಡಿದರೂ ಅಷ್ಟೆ. ಕಾರಣ ಹೈಸ್ಕೂಲಿನ ಲೆಕ್ಕದಲ್ಲೇ ಇದೆ. ಷಡ್ಭುಜದ ಒಂದು ಬಿಟ್ಟು ಒಂದು ಮೂಲೆ ಸೇರಿಸಿದರೆ ಸಮಬಾಹು ತ್ರಿಭುಜ ಸಿಗುತ್ತದೆ. ತೂತಿನಿಂದ ತೂತಿಗೆ ಎಳೆದ ಯಾವ ತ್ರಿಭುಜದ ವಿಸ್ತೀರ್ಣವನ್ನಾದರೂ ಚೌಕಗಳಲ್ಲಿ ಎಣಿಸಿ: ಪೂರ್ಣಸಂಖ್ಯೆ ಬರುತ್ತದೆ, ಇಲ್ಲವೇ ಕೊನೆಗೊಂದು ಅರ್ಧ ಉಳಿಯುತ್ತದೆ. ಸಮಬಾಹು ತ್ರಿಭುಜದ ವಿಸ್ತೀರ್ಣವಾದರೋ ಬಾಹುವಿನ ವರ್ಗವನ್ನು √3/4ರಿಂದ ಗುಣಿಸಿದಷ್ಟು. ಪೈಥಾಗೊರಸ್ ಪ್ರಕಾರ ಇಲ್ಲಿ ಬಾಹುವಿನ ವರ್ಗ ಪೂರ್ಣಸಂಖ್ಯೆ. √3 ಮಾತ್ರ ಯಾವ ಭಿನ್ನರಾಶಿಗೂ ಸಿಗದ್ದು. ಎರಡು ಲೆಕ್ಕ ಎಂದೂ ತಾಳೆಯಾಗುವುದಿಲ್ಲ.

ಹಾಗಂತ ಸೂಜಿ ಕೆಳಗಿಡಬೇಕಿಲ್ಲ. ಮೇಲಿನ, ಕೆಳಗಿನ ಬಾಹುಗಳು 8 ಚೌಕ ಇರಲಿ. ಉಳಿದ ನಾಲ್ಕು ಬಾಹುಗಳನ್ನು 4 ಚೌಕ ಪಕ್ಕಕ್ಕೆ, 7 ಚೌಕ ಮೇಲಕ್ಕೆ ಓರೆಯಾಗಿ ಎಳೆಯಿರಿ. ಅವುಗಳ ಉದ್ದ √65, ಅಂದರೆ ಸುಮಾರು 8.06. ಅಂಗುಲಕ್ಕೆ 14 ಚೌಕ ಇರುವ ಬಟ್ಟೆಯಲ್ಲಿ ಈ ವ್ಯತ್ಯಾಸ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ದಾರದ ದಪ್ಪದಲ್ಲೇ ಮುಚ್ಚಿಹೋಗುತ್ತದೆ.

ಅಚ್ಚು ಹಾಕುವವರಿಗೆ ಈ ಕಾಟವಿಲ್ಲ. 1951ರ ‘ಫೆಸ್ಟಿವಲ್ ಆಫ್ ಬ್ರಿಟನ್’ಗಾಗಿ ಹರಳುಗಳ ಎಕ್ಸ್‌-ರೇ ನಕ್ಷೆಗಳನ್ನು ಪರದೆ, ಲೇಸು, ಗೋಡೆ ಕಾಗದಗಳ ವಿನ್ಯಾಸವಾಗಿಸಿದಾಗ ವಿಜ್ಞಾನದ ಸಲಹೆ ಕೊಟ್ಟವರು ಹರಳು ವಿಜ್ಞಾನಿ ಹೆಲೆನ್ ಮೆಗಾ. ಆ ನಕ್ಷೆಗಳಲ್ಲಿ ಇನ್ಸುಲಿನ್ನಿನದೂ ಇತ್ತು. ಅದರ ಹರಳಿಗೆ ಮೂರು ಮಡಿ ಸಮ್ಮಿತಿ: 120 ಡಿಗ್ರಿ ತಿರುಗಿಸಿದರೆ ಮತ್ತೆ ಅದೇ ಚಿತ್ರ. ಸಮತಲದಲ್ಲಿ ಎರಡು ದಿಕ್ಕಿಗೂ ಮರುಕಳಿಸುವ ವಿನ್ಯಾಸಗಳ ಸಮ್ಮಿತಿ ಒಟ್ಟು 17 ಬಗೆ. ಮೂರು ಮಡಿ, ಆರು ಮಡಿ ತಿರುವಿರುವ ಐದನ್ನು ಚೌಕಳಿ ಬಟ್ಟೆ ಒಪ್ಪುವುದಿಲ್ಲ. ಉಳಿದ 12 ಬಗೆಗಳನ್ನು ಧಾರಾಳವಾಗಿ ಹೊಲಿಯಬಹುದು.

ಡಿಎನ್‌ಎ ವಿಷಯದಲ್ಲಿ ಬಟ್ಟೆಯ ತಕರಾರಿಲ್ಲ, ಎಡವುವುದು ನಮೂನೆ ಬರೆಯುವವರು. ನಮ್ಮ ಜೀವಕೋಶಗಳಲ್ಲಿ ಸಾಮಾನ್ಯವಾಗಿರುವ ಡಿಎನ್‌ಎ ಬಲಸುರುಳಿ. ಅದನ್ನು ನೆಟ್ಟಗೆ ನಿಲ್ಲಿಸಿದರೆ ನಮ್ಮ ಕಡೆಗಿರುವ ಎಳೆ ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಹತ್ತಬೇಕು. ಎಷ್ಟೋ ನಮೂನೆಗಳಲ್ಲಿ ಅದು ಉಲ್ಟಾ ಇರುತ್ತದೆ. ಹಾಳೆಯನ್ನು ತಲೆಕೆಳಗು ಹಿಡಿದರೆ ಸರಿಹೋಗುವುದಿಲ್ಲ, ಓರೆ ಬದಲಾಗುವುದು ಕನ್ನಡಿಯಲ್ಲಿ ನೋಡಿದಾಗಲೇ. ಹೊಲಿಯುವ ಮೊದಲು ಯಾವ ಎಳೆ ಮೇಲೆ ಹಾಯುತ್ತದೆ ಎಂದು ನೋಡಿಕೊಂಡರೆ ಸಾಕು. ಎರಡು ಎಳೆಗಳ ನಡುವಿನ ಸಂದುಗಳೂ ಸಮವಲ್ಲ, ಒಂದು ಅಗಲ, ಒಂದು ಕಿರಿದು. ಅಷ್ಟೂ ಬಿಡಿಸಿದ ನಮೂನೆ ಸಿಕ್ಕರೆ ಅದನ್ನು ಮಾಡಿದವರಿಗೆ ಶಹಬ್ಬಾಸ್ ಹೇಳಬೇಕು.

ಇನ್ನು ಗಣಿತವನ್ನು ಹೊಲಿಗೆಯಲ್ಲೇ ಇಟ್ಟುಕೊಂಡಿರುವುದು ಧಾರವಾಡ ಸೀಮೆಯ ಕಸೂತಿ. ಇಳಕಲ್ ಸೀರೆಯ ಮೇಲೆ ಅಚ್ಚಿಲ್ಲದೆ, ಎಳೆ ಎಣಿಸಿ ಹಾಕುವ ಕೆಲಸ. ಅಲ್ಲಿನ ಮೆಂತೆ ಹೊಲಿಗೆ ಕ್ರಾಸ್ ಸ್ಟಿಚ್ಚೇ. ಗವಂತಿ ಎಂಬ ಇನ್ನೊಂದು ಹೊಲಿಗೆಯ ಪಟ್ಟು ಬೇರೆ: ಗಂಟಿರಬಾರದು, ಹಿಂದೆ ಮುಂದೆ ಒಂದೇ ಥರ ಕಾಣಬೇಕು. ಹೋಗುತ್ತ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ವಾಪಸು ಬರುತ್ತ ಬಿಟ್ಟ ಜಾಗ ತುಂಬುವುದು. ಕವಲೊಡೆದ ಗೋಪುರದ ಚಿತ್ತಾರದಲ್ಲೂ ಇದು ಕೈಕೊಡುವುದಿಲ್ಲವೇಕೆ?

ತೂತುಗಳಿಗೆ ಮನಸ್ಸಿನಲ್ಲೇ ಚದುರಂಗದ ಮಣೆಯಂತೆ ಕಪ್ಪು, ಬಿಳುಪು ಬಣ್ಣ ಕೊಡಿ. ಅಡ್ಡ ಅಥವಾ ಉದ್ದ ಹಾಕುವ ಪ್ರತಿ ಹೊಲಿಗೆಯೂ ಬಣ್ಣ ಬದಲಿಸುತ್ತದೆ. ಕಪ್ಪಿನಿಂದ ಬಿಳಿಗೆ ಹೋಗುವಾಗಲೆಲ್ಲ ದಾರ ಮೇಲೆ, ಬಿಳಿಯಿಂದ ಕಪ್ಪಿಗೆ ಬರುವಾಗಲೆಲ್ಲ ಕೆಳಗೆ. ಪ್ರತಿ ಗೆರೆಯ ಮೇಲೂ ಒಮ್ಮೆ ಹೋಗಿ, ಒಮ್ಮೆ ಎದುರು ದಿಕ್ಕಿನಲ್ಲಿ ಬರುವುದರಿಂದ ಎರಡೂ ಬದಿ ತುಂಬಲೇಬೇಕು. ಕೊನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಸುತ್ತುವುದು ಆಗದ ಮಾತೆಂದು 1736ರಲ್ಲಿ ಗಣಿತಜ್ಞ ಆಯ್ಲರ್ ತೋರಿಸಿದ. ಹೋಗಿ ಬರಲು ಎರಡೆರಡು ಸಲ ಬಿಟ್ಟಿದ್ದರೆ ಆಗುತ್ತಿತ್ತು, ಗವಂತಿ ಮಾಡುವುದು ಅದನ್ನೇ.

ಷರತ್ತು ಒಂದೇ, ಚಿತ್ರ ಎಲ್ಲೂ ಕಡಿಯದೆ ಒಂದಕ್ಕೊಂದು ಕೂಡಿಕೊಂಡಿರಬೇಕು. ಸೌರಮಂಡಲವನ್ನು ಗವಂತಿಯಲ್ಲಿ ಹಾಕಲು ಹೊರಟರೆ, ಒಂದನ್ನೊಂದು ಮುಟ್ಟದ ಆ ಎಂಟು ಕಕ್ಷೆಗಳಿಗೆ ಎಂಟು ಸಲ ಹೊಸದಾಗಿ ದಾರ ಪೋಣಿಸಬೇಕು.