ವೋಕಿಂಗ್ ಮಸೀದಿಯಿಂದ ಬಾಕ್ಸ್ ಹಿಲ್‌ವರೆಗೆ ಸೈಕಲ್‌ನಲ್ಲಿ

ಇಂಗ್ಲೆಂಡಿಗೆ ಓದಲಿಕ್ಕೆ, ಕೆಲಸಕ್ಕೆ ಹೋದ ನಮ್ಮ ಮಕ್ಕಳು ಊರಿಗೆ ಕಳಿಸುವ ಫೋಟೊಗಳಲ್ಲಿ ಟವರ್ ಬ್ರಿಡ್ಜ್ ಉಂಟು, ಬಿಗ್ ಬೆನ್ ಉಂಟು, ಕೆಂಪು ಬಸ್ಸು ಉಂಟು. ಅದೇ ಲಂಡನ್‌ನಿಂದ ರೈಲಿನಲ್ಲಿ ಅರ್ಧ ಗಂಟೆ ಹೋದರೆ ಸಿಗುವ ಸರ್ರಿ ಜಿಲ್ಲೆಯ ಹಳ್ಳಿ ರಸ್ತೆಗಳ ಫೋಟೊ ಮಾತ್ರ ಯಾರೂ ಕಳಿಸುವುದಿಲ್ಲ. ಆ ದೇಶವನ್ನು ನೋಡಬೇಕಾದರೆ ಸೈಕಲ್ ಹತ್ತಿ ಆ ರಸ್ತೆಗಳಲ್ಲೇ ನೋಡಬೇಕು ಎಂಬುದು ನಮ್ಮ ಅಭಿಪ್ರಾಯ. ನಾವು ಅಂದರೆ ಕರಾವಳಿಯಿಂದ ಹೋಗಿ ಅಲ್ಲಿ ನೆಲೆಸಿದ ಮೂರು ಸಂಸಾರದ ಆರು ಮಂದಿ, ಅದರಲ್ಲಿ ಮೂವರು ಹೆಂಗಸರು. ಮಳೆ ಇಲ್ಲದ ಭಾನುವಾರ ಸಿಕ್ಕಿದರೆ ಹೊರಟೆವು ಅಂತಲೇ ಲೆಕ್ಕ.

ನಮ್ಮ ದಾರಿ ಶುರುವಾಗುವುದು ವೋಕಿಂಗ್‌ನ ಶಾಹಜಹಾನ್ ಮಸೀದಿಯಿಂದ. 1889ರಲ್ಲಿ ಕಟ್ಟಿದ್ದು. ಇಂಗ್ಲೆಂಡಿನಲ್ಲಿ ಮಸೀದಿಯಾಗಿಯೇ ಕಟ್ಟಿದ ಮೊದಲ ಕಟ್ಟಡ ಇದು. ಹೆಸರು ನೋಡಿ ಮೊಗಲ್ ಬಾದಶಹ ಅಂದುಕೊಳ್ಳಬೇಡಿ, ಇದು ಭೋಪಾಲದ ಶಾಹಜಹಾನ್ ಬೇಗಂ ಅವರ ಹೆಸರು. ಹಣ ಕೊಟ್ಟವರು ಅವರು, ಕಟ್ಟಿಸಿದವರು ಲಾಹೋರಿನಲ್ಲಿ ಕಾಲೇಜು ನಡೆಸಿ ಬಂದಿದ್ದ ಲೈಟ್ನರ್ ಎಂಬ ವಿದ್ವಾಂಸ. ಹಸಿರು ಗುಮ್ಮಟದ ಪುಟ್ಟ ಮಸೀದಿ. ರೈಲ್ವೇ ಸ್ಟೇಷನ್‌ನಿಂದ ನಡೆದೇ ಹೋಗಬಹುದು.

ಅಲ್ಲಿಂದ ಸ್ವಲ್ಪ ದೂರದಲ್ಲಿ ಹಾರ್ಸೆಲ್ ಕಾಮನ್ ಎಂಬ ಕುರುಚಲು ಕಾಡು. ಅದರ ಅಂಚಿನಲ್ಲಿ ಇಟ್ಟಿಗೆ ಗೋಡೆ, ಕಮಾನು ಬಾಗಿಲಿನ ಒಂದು ಆವರಣ ಉಂಟು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ತೀರಿಹೋದ ಹಿಂದೂಸ್ಥಾನದ ಮುಸ್ಲಿಂ ಸಿಪಾಯಿಗಳನ್ನು ದಫನ ಮಾಡಲು ಮಾಡಿದ ಜಾಗ ಅದು. ಕಬರ್‌ಗಳನ್ನು 1960ರ ದಶಕದ ಕೊನೆಗೆ ಹತ್ತಿರದ ಬ್ರೂಕ್‌ವುಡ್‌ಗೆ ಸಾಗಿಸಿದರು. 2015ರಲ್ಲಿ ಆವರಣವನ್ನು ರಿಪೇರಿ ಮಾಡಿ ತೋಟ ಮಾಡಿದ್ದಾರೆ, 27 ಮಂದಿಯ ಹೆಸರು ಕಲ್ಲಿನಲ್ಲಿ ಕೆತ್ತಿದ್ದಾರೆ. ಸೈಕಲ್ ಗೋಡೆಗೆ ಒರಗಿಸಿ ಐದು ನಿಮಿಷ ನಿಲ್ಲುತ್ತೇವೆ. ದುಆ ಮಾಡದೆ ಮುಂದೆ ಹೋದದ್ದೇ ಇಲ್ಲ.

ಮುಂದೆ ಪಿರ್‌ಫರ್ಡ್ ದಾಟಿ, ವೇ ನದಿಯ ಪಕ್ಕದಲ್ಲಿ ಪಾಳುಬಿದ್ದ ಹಳೆಯ ಕ್ರೈಸ್ತ ಮಠವನ್ನು ನೋಡಿಕೊಂಡು ಹೋದರೆ ರಿಪ್ಲಿ. ಈಗ ಇದು ಸಾಮಾನ್ಯ ಹಳ್ಳಿ. ಆದರೆ 1880–90ರ ದಶಕದಲ್ಲಿ ಲಂಡನ್‌ನ ಸೈಕಲ್ ಹುಚ್ಚಿನವರೆಲ್ಲ ರಜೆಯ ದಿನ ಬಂದು ಸೇರುತ್ತಿದ್ದದ್ದು ಇಲ್ಲಿಗೇ. ರಿಪ್ಲಿ ರಸ್ತೆ ಅಂದರೆ ಆಗ ಸೈಕಲ್‌ನವರ ರಸ್ತೆ. ಕತೆಗಾರ ಎಚ್.ಜಿ. ವೆಲ್ಸ್ ಕೂಡ ವೋಕಿಂಗ್‌ನಲ್ಲಿ ಮನೆ ಮಾಡಿಕೊಂಡು ಈ ಸುತ್ತಿನಲ್ಲೇ ಸೈಕಲ್ ತುಳಿದವರು.

ರಿಪ್ಲಿಯ ಪಕ್ಕದ ಊರು ಆಕಮ್. ಅಲ್ಲಿನ ಹೋಬಾಯ್ ಹೋಟೆಲಿನಲ್ಲಿ 1898ರಲ್ಲಿ ನಡೆದ ಒಂದು ಸಂಗತಿಯನ್ನು ನಮ್ಮ ಹೆಂಗಸರಿಗೆ ಹೇಳಲೇಬೇಕು. ಲೇಡಿ ಹಾರ್ಬರ್ಟನ್ ಎಂಬ ದೊಡ್ಡ ಮನೆತನದ ಹೆಂಗಸು ಸೈಕಲ್‌ನಲ್ಲಿ ಬಂದು ಊಟ ಕೇಳಿದರು. ಉದ್ದ ಲಂಗ ಚೈನಿಗೆ ಸಿಕ್ಕುತ್ತದೆ ಅಂತ ಅವರು ಹಾಕಿದ್ದು ಕೋಟು, ಕೆಳಗೆ ಮೊಣಕಾಲಿನವರೆಗಿನ ದೊಗಲೆ ಚಡ್ಡಿ. ಹೋಟೆಲಿನ ಯಜಮಾನ್ತಿ ಆ ಉಡುಪು ನೋಡಿ, ಮರ್ಯಾದಸ್ಥರು ಕೂರುವ ಕೋಣೆಗೆ ಬಿಡಲಿಲ್ಲ. ಬೇಕಾದರೆ ಗಂಡಸರು ಕುಡಿಯುವ ಕಡೆ ಕುಳಿತು ತಿನ್ನಿ ಅಂದರು! ಸೈಕಲ್ ಸವಾರರ ಸಂಘ ಕೋರ್ಟಿಗೆ ಹೋಯಿತು. 1899ರಲ್ಲಿ ತೀರ್ಪು ಬಂತು, ಯಜಮಾನ್ತಿ ತಪ್ಪಿತಸ್ಥೆ ಅಲ್ಲ ಅಂತ.

ಈ ಕತೆ ಕೇಳಿದ ದಿನ ನಮ್ಮ ಹೆಂಗಸರು ನಕ್ಕದ್ದು ನೋಡಬೇಕಿತ್ತು. ಅಂದು ಮೈ ಮುಚ್ಚುವುದು ಸಾಲದು ಅಂತ ಹೊರಗಿಟ್ಟರು, ಇಂದು ತಲೆ ಮುಚ್ಚಿದ್ದು ಜಾಸ್ತಿ ಆಯಿತು ಅಂತ ತಿರುಗಿ ನೋಡುವವರಿದ್ದಾರೆ. ನಿಜ ಹೇಳಬೇಕೆಂದರೆ ಅಲ್ಲಿ ನೋಡುವವರಿಗಿಂತ ಇಲ್ಲಿ ಊರಲ್ಲಿ ಮಾತಾಡುವವರೇ ಹೆಚ್ಚು. ನಮ್ಮ ಮನೆಗಳಲ್ಲಿ ಹುಡುಗಿ ಏಳನೇ ಕ್ಲಾಸು ದಾಟಿದ ಮೇಲೆ ಸೈಕಲ್ ಮೂಲೆ ಸೇರುತ್ತದೆ ಅಲ್ವಾ? ನಮ್ಮ ಪೈಕಿ ಒಬ್ಬರು ಮತ್ತೆ ಸೈಕಲ್ ಮುಟ್ಟಿದ್ದು ಮದುವೆಯಾಗಿ, ಎರಡು ಮಕ್ಕಳಾದ ಮೇಲೆ, ಇಂಗ್ಲೆಂಡಿನಲ್ಲಿ. ಲಂಡನ್‌ನಲ್ಲಿ ಸೈಕಲ್ ಸಿಸ್ಟರ್ಸ್ ಎಂಬ ಮುಸ್ಲಿಂ ಹೆಂಗಸರ ಸಂಘಟನೆ ಉಂಟು, ಗುಂಪಿನಲ್ಲಿ ಸವಾರಿ ಕರೆದುಕೊಂಡು ಹೋಗುತ್ತಾರೆ. ಅಂಥವರನ್ನು ಕಂಡ ಮೇಲೆ ಧೈರ್ಯ ಬಂತು ಅಂತ ಅವರೇ ಹೇಳಿದ್ದು. ಉಡುಪಿನ ವಿಷಯ ಸುಲಭ: ಮೊಣಕಾಲು ದಾಟಿದ ಕುರ್ತಾ, ಬಿಗಿ ಪಾದದ ಪ್ಯಾಂಟು, ಹೆಲ್ಮೆಟ್ ಅಡಿಯಲ್ಲಿ ತೆಳು ಸ್ಕಾರ್ಫ್, ಚೈನಿಗೆ ಗಾರ್ಡ್. ಸಡಿಲ ಅಬಾಯ ಬೇಡ, ಚಕ್ರಕ್ಕೆ ಸುತ್ತಿಕೊಂಡರೆ ಬೀಳುವುದು ಖಂಡಿತ.

ಆಕಮ್ ಬಿಟ್ಟ ಮೇಲೆ ಈಸ್ಟ್ ಹಾರ್ಸ್ಲಿ, ಅಲ್ಲಿಂದ ರಾನ್ಮೋರ್ ಕಾಮನ್‌ಗೆ ಏರು. ರಸ್ತೆ ಎಷ್ಟು ಸಪುರ ಅಂದರೆ ಎದುರಿನಿಂದ ಕಾರು ಬಂದರೆ ಯಾರಾದರೂ ಒಬ್ಬರು ಬದಿಗೆ ನಿಲ್ಲಲೇಬೇಕು. ಎರಡೂ ಕಡೆ ಆಳೆತ್ತರದ ಜೀವಂತ ಬೇಲಿ. ತಿರುವಿನಾಚೆ ಏನುಂಟು ಅಂತ ಕಾಣುವುದಿಲ್ಲ. ನಮ್ಮಲ್ಲಿಯಂತೆ ಅಲ್ಲಿಯೂ ಎಡಗಡೆ ಸಂಚಾರ, ಅದೊಂದು ಅನುಕೂಲ. ಆದರೆ ಬಿಳಿ ವೃತ್ತಕ್ಕೆ ಕಪ್ಪು ಗೀಟು ಎಳೆದ ಬೋರ್ಡು ಕಂಡರೆ ಜಾಗ್ರತೆ. ಇಂಥ ರಸ್ತೆಯಲ್ಲಿ ಅದರ ಅರ್ಥ ಗಂಟೆಗೆ 60 ಮೈಲಿ, ಅಂದರೆ 96 ಕಿ.ಮೀ. ವೇಗಕ್ಕೆ ಅನುಮತಿ! ಹಾಗೆ ಓಡಿಸುವವರೂ ಇದ್ದಾರೆ.

ಹೋದ ವರ್ಷ ರಾನ್ಮೋರ್ ಇಳಿಜಾರಿನಲ್ಲಿ ಅದೇ ಆದದ್ದು. ತಿರುವಿನಲ್ಲಿ ಎದುರು ಬಂದ ಕಾರು ರಸ್ತೆಯ ಮಧ್ಯದಲ್ಲೇ ಇತ್ತು. ಮುಂದಿದ್ದ ನಮ್ಮ ಹೆಣ್ಣುಮಗಳು ಬೇಲಿಗೇ ನುಗ್ಗಿದರು. ಮಣಿಕಟ್ಟಿನ ಎಲುಬು ಬಿರುಕು, ಆರು ವಾರ ಪ್ಲಾಸ್ಟರ್. ಕಾರಿನವನು ನಿಲ್ಲಿಸಲೂ ಇಲ್ಲ. ಉಳ್ಳಾಲದಲ್ಲಿರುವ ಅವರ ಉಮ್ಮ ವಿಡಿಯೊ ಕಾಲ್‌ನಲ್ಲಿ ಕೈ ನೋಡಿ ಅತ್ತರು. ಸೈಕಲ್ ಮಾರಿಬಿಡು ಅಂದರು. ಒಂದು ತಿಂಗಳು ಮನೆಯಲ್ಲಿ ಅದೇ ಚರ್ಚೆ. ಗಂಡನೂ ಸ್ವಲ್ಪ ಉಮ್ಮನ ಕಡೆಯೇ. ಕೊನೆಗೆ ಅವರು ಹೇಳಿದ್ದಿಷ್ಟು: “ಕಾರು ಗುದ್ದಿದವರು ಕಾರು ಮಾರುತ್ತಾರಾ ಉಮ್ಮಾ?” ಪ್ಲಾಸ್ಟರ್ ಬಿಚ್ಚಿದ ಮೂರನೇ ವಾರಕ್ಕೆ ಮತ್ತೆ ಬಂದರು. ಉಮ್ಮನಿಗೆ ಈಗಲೂ ಸಮಾಧಾನ ಇಲ್ಲ. ಪ್ರತಿ ಭಾನುವಾರ ಮನೆ ಮುಟ್ಟಿದ ಕೂಡಲೇ ಫೋನ್ ಮಾಡಬೇಕು ಎಂಬ ಷರತ್ತು.

ಕಾನೂನು ಸವಾರರ ಪರ ಉಂಟು. 2022ರಲ್ಲಿ ತಿದ್ದಿದ ಹೈವೇ ಕೋಡ್ ಪ್ರಕಾರ ಸೈಕಲನ್ನು ಹಿಂದೆ ಹಾಕುವಾಗ ಕಡಿಮೆಯೆಂದರೆ ಒಂದೂವರೆ ಮೀಟರ್ ಜಾಗ ಬಿಡಬೇಕು, ವೇಗ ಜಾಸ್ತಿಯಾದರೆ ಇನ್ನೂ ಹೆಚ್ಚು. ಇಬ್ಬರು ಅಕ್ಕಪಕ್ಕ ಹೋಗಲಿಕ್ಕೂ ಅಡ್ಡಿಯಿಲ್ಲ. ಹೆಲ್ಮೆಟ್ ಕಡ್ಡಾಯವಲ್ಲ, ನಾವು ಮಾತ್ರ ಹಾಕದೆ ಹೊರಡುವುದಿಲ್ಲ. ತಿರುವಿಗೆ ಮೊದಲು ಬೆಲ್, ಇಳಿಜಾರಿನಲ್ಲಿ ಎರಡೂ ಬ್ರೇಕಿನ ಮೇಲೆ ಬೆರಳು. ಇನ್ನೊಂದು ಸಣ್ಣ ಉಪದ್ರ: ಹಕ್ಕಿಗಳು ಗೂಡು ಕಟ್ಟುವ ಕಾಲ ಅಂತ ಮಾರ್ಚ್‌ನಿಂದ ಆಗಸ್ಟ್‌ವರೆಗೆ ರೈತರು ಬೇಲಿ ಕತ್ತರಿಸುವಂತಿಲ್ಲ. ಸೆಪ್ಟೆಂಬರ್‌ನಲ್ಲಿ ಶುರು ಮಾಡುತ್ತಾರೆ, ಮುಳ್ಳೆಲ್ಲ ರಸ್ತೆಗೆ. ಪಂಕ್ಚರ್ ಹಾಕಲು ಬಾರದವರು ಆ ತಿಂಗಳು ಹೊರಡಬಾರದು.

ರಾನ್ಮೋರ್ ಇಳಿದರೆ ಎದುರಿಗೇ ಬಾಕ್ಸ್ ಹಿಲ್. ಮಸೀದಿಯಿಂದ ಸುಮಾರು 30 ಕಿ.ಮೀ. ಇಲ್ಲಿನ ಝಿಗ್‌ಝಾಗ್ ರಸ್ತೆ ಎರಡೂವರೆ ಕಿ.ಮೀ. ಏರು, ನೂರು ಮೀಟರಿಗೆ ಐದು ಮೀಟರ್‌ನಂತೆ. ಘಾಟಿ ಕಂಡ ನಮಗೆ ದೊಡ್ಡದಲ್ಲ. ಆದರೆ 2012ರ ಒಲಿಂಪಿಕ್ಸ್‌ನಲ್ಲಿ ಗಂಡಸರು ಈ ಗುಡ್ಡವನ್ನು ಒಂಬತ್ತು ಸಲ, ಹೆಂಗಸರು ಎರಡು ಸಲ ಸುತ್ತಿದರು ಅಂತ ನೆನಪಾದಾಗ ಮೊಣಕಾಲು ಸುಮ್ಮನಾಗುತ್ತದೆ. ನಿಜವಾದ ಏರು ಬೇಕಾದವರು ಉತ್ತರದ ಲೇಕ್ ಡಿಸ್ಟ್ರಿಕ್ಟ್‌ನ ಹಾರ್ಡ್‌ನಾಟ್ ಪಾಸ್‌ಗೆ ಹೋಗಲಿ, ಅಲ್ಲಿ ಮೂರು ಮೀಟರಿಗೆ ಒಂದು ಮೀಟರ್ ಏರು. ಚಿಕ್ಕ ಮಕ್ಕಳಿರುವವರಿಗೆ ಬ್ರಿಸ್ಟಲ್‌ನಿಂದ ಬಾತ್‌ಗೆ ಹೋಗುವ 21 ಕಿ.ಮೀ. ದಾರಿಯೇ ಒಳ್ಳೆಯದು. ಮುಚ್ಚಿಹೋದ ರೈಲು ಹಳಿಯ ಜಾಗದಲ್ಲಿ ಮಾಡಿದ್ದು, ಹೆಚ್ಚಿನ ಏರಿಳಿತವಿಲ್ಲ, ಕಾರಿನ ಹೆದರಿಕೆಯೂ ಇಲ್ಲ.

ಗುಡ್ಡದ ಮೇಲೆ ಚಹಾದಂಗಡಿ ಉಂಟು. ಕೇಕು, ಚೀಸ್ ಟೋಸ್ಟ್, ಓಟ್ಸ್‌ನ ಫ್ಲಾಪ್‌ಜಾಕ್ ನಡೆಯುತ್ತದೆ. ಹಳ್ಳಿ ಅಂಗಡಿಗಳಲ್ಲಿ ಚಿಪ್ಸ್ ತೆಗೆಯುವ ಮೊದಲು ಯಾವ ಎಣ್ಣೆ ಅಂತ ಕೇಳಿ, ಮೆತ್ತನೆಯ ಮಿಠಾಯಿಯಲ್ಲಿ ಜೆಲಟಿನ್ ನೋಡಿ. ನಮ್ಮ ಜೇಬಿನಲ್ಲಿ ಖರ್ಜೂರ ಇದ್ದೇ ಇರುತ್ತದೆ, ಅಂಗಡಿಯ ಎನರ್ಜಿ ಜೆಲ್‌ಗಿಂತ ರುಚಿ, ಹಣವೂ ಉಳಿತಾಯ. ನಮಾಝಿಗೆ ಒಂದು ತೆಳು ಮುಸಲ್ಲ, ವುಝೂಗೆ ಒಂದು ಬಾಟ್ಲಿ ನೀರು ಹೆಚ್ಚಿಗೆ. ಹುಲ್ಲಿನ ಮೇಲೆ ಜಮಾಅತ್ ನಿಂತರೆ ಯಾರೂ ಏನೂ ಅನ್ನುವುದಿಲ್ಲ.

ಹೊತ್ತಿನ ಲೆಕ್ಕ ಮಾತ್ರ ಊರಿನ ಹಾಗಲ್ಲ. ಜೂನ್‌ನಲ್ಲಿ ಮಗ್ರಿಬ್ ಆಗುವಾಗ ರಾತ್ರಿ ಒಂಬತ್ತು ಕಳೆದಿರುತ್ತದೆ, ನಿಧಾನಕ್ಕೆ ತುಳಿದು ವಾಪಸ್ ಬರಬಹುದು. ಡಿಸೆಂಬರ್‌ನಲ್ಲಿ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಆಗ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಇಲ್ಲದಿದ್ದರೆ ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಚಳಿಗಾಲದಲ್ಲಿ ನಾವು ಬಾಕ್ಸ್ ಹಿಲ್ ಬುಡದ ವೆಸ್ಟ್‌ಹಂಬಲ್ ಸ್ಟೇಷನ್‌ನಲ್ಲಿ ಸೈಕಲ್ ಸಮೇತ ರೈಲು ಹತ್ತಿಬಿಡುತ್ತೇವೆ. ಭಾನುವಾರ ಅದಕ್ಕೆ ತೊಂದರೆಯಿಲ್ಲ. ವಾರದ ದಿನ ಆಫೀಸಿನ ರಶ್ ಹೊತ್ತಿನಲ್ಲಿ ಮಡಚುವ ಸೈಕಲ್ ಬಿಟ್ಟು ಬೇರೆಯದಕ್ಕೆ ಬಿಡುವುದು ಕಷ್ಟ, ವಿಚಾರಿಸಿಕೊಂಡೇ ಹೊರಡಿ.