ಎಲ್‌ಇಡಿ ಲೈಟ್ ಕೆಟ್ಟಿತೇ? ಎಸೆಯುವ ಮುನ್ನ ಡ್ರೈವರ್ ಮೇಲಿನ ಅಂಕಿ ನೋಡಿ

ಪುಣೆ: ಫಾಲ್ಸ್ ಸೀಲಿಂಗ್‌ನ ಎಲ್‌ಇಡಿ ಪ್ಯಾನೆಲ್ ಮಿಣುಕತೊಡಗಿದರೆ ಅಥವಾ ಆರಿಹೋದರೆ ಅನೇಕರು ಇಡೀ ಲೈಟನ್ನೇ ಬದಲಿಸುತ್ತಾರೆ. ಆದರೆ ಎಷ್ಟೋ ಬಾರಿ ಕೆಟ್ಟಿರುವುದು ಲೈಟ್ ಅಲ್ಲ, ಅದಕ್ಕೆ ವಿದ್ಯುತ್ ಪೂರೈಸುವ ಪುಟ್ಟ ಡಬ್ಬಿ, ಅಂದರೆ ಡ್ರೈವರ್. ಪುಣೆಯ ಬುಧವಾರ ಪೇಟೆಯ ತಪಕೀರ್ ಗಲ್ಲಿಯಂಥ ಎಲೆಕ್ಟ್ರಿಕಲ್ ಮಾರುಕಟ್ಟೆಗಳಲ್ಲಿ ಡ್ರೈವರ್ ಬಿಡಿಯಾಗಿಯೂ ಸಿಗುತ್ತದೆ. ಆದರೆ ಬರೀ ವ್ಯಾಟ್ ಹೇಳಿ ತಂದರೆ ಹೊಸದೂ ಕೈಕೊಡಬಹುದು.

ಡ್ರೈವರ್ ಏಕೆ ಬೇಕು?

ಮನೆಗೆ ಬರುವುದು 230 ವೋಲ್ಟ್ ಎಸಿ ವಿದ್ಯುತ್. ಎಲ್‌ಇಡಿಗೆ ಬೇಕಿರುವುದು ಕಡಿಮೆ ವೋಲ್ಟೇಜ್‌ನ ಡಿಸಿ. ಈ ಬದಲಾವಣೆ ಮಾಡುವುದೇ ಡ್ರೈವರ್. ಬಿಸಿಗೆ ಅದರೊಳಗಿನ ಕೆಪಾಸಿಟರ್‌ಗಳು ಕ್ರಮೇಣ ಸೊರಗುತ್ತವೆ. ಹಾಗಾಗಿ ಎಲ್‌ಇಡಿಗಿಂತ ಮೊದಲೇ ಡ್ರೈವರ್ ಕೆಡುವುದುಂಟು.

ಪ್ಯಾನೆಲ್, ಡೌನ್‌ಲೈಟ್‌ಗೆ ಯಾವುದು?

ಇವುಗಳಿಗೆ ಸಾಮಾನ್ಯವಾಗಿ ಕಾನ್‌ಸ್ಟಂಟ್ ಕರೆಂಟ್ ಡ್ರೈವರ್ ಬೇಕು. ಹಳೆಯ ಡ್ರೈವರ್‌ನ ಲೇಬಲ್‌ನಲ್ಲಿ 'ಔಟ್‌ಪುಟ್' ಎಂಬಲ್ಲಿರುವ ಎರಡು ಅಂಕಿ ಗಮನಿಸಿ: ಮಿಲಿ ಆಂಪಿಯರ್ ಮತ್ತು ವೋಲ್ಟ್. ಉದಾಹರಣೆಗೆ, 60 ವೋಲ್ಟ್‌ನಲ್ಲಿ 300 ಮಿಲಿ ಆಂಪಿಯರ್ ಕೊಟ್ಟರೂ 18 ವ್ಯಾಟ್, 30 ವೋಲ್ಟ್‌ನಲ್ಲಿ 600 ಮಿಲಿ ಆಂಪಿಯರ್ ಕೊಟ್ಟರೂ 18 ವ್ಯಾಟ್. ಆದರೆ ಒಂದರ ಜಾಗಕ್ಕೆ ಇನ್ನೊಂದು ಹೊಂದುವುದಿಲ್ಲ. ಮಿಲಿ ಆಂಪಿಯರ್ ಅಷ್ಟೇ ಇರಬೇಕು, ಪ್ಯಾನೆಲ್‌ನ ವೋಲ್ಟೇಜ್ ಹೊಸ ಡ್ರೈವರ್‌ನ ಮಿತಿಯೊಳಗೆ ಬರಬೇಕು. ಕರೆಂಟ್ ಹೆಚ್ಚಾದರೆ ಎಲ್‌ಇಡಿ ಅತಿಯಾಗಿ ಬಿಸಿಯಾಗಿ ಬೇಗ ಹಾಳಾಗುತ್ತದೆ.

ಸ್ಟ್ರಿಪ್ ಲೈಟ್ ಲೆಕ್ಕವೇ ಬೇರೆ

ಗಣೇಶೋತ್ಸವದ ಅಲಂಕಾರಕ್ಕೂ ಬಳಸುವ ಎಲ್‌ಇಡಿ ಸ್ಟ್ರಿಪ್‌ಗಳು ಹೆಚ್ಚಾಗಿ 12 ಅಥವಾ 24 ವೋಲ್ಟ್‌ನವು. ಇವಕ್ಕೆ ಕಾನ್‌ಸ್ಟಂಟ್ ವೋಲ್ಟೇಜ್ ಡ್ರೈವರ್ ಬೇಕು. ವೋಲ್ಟ್ ಒಂದೇ ಆಗಿರಬೇಕು, ವ್ಯಾಟ್ ಮಾತ್ರ ಶೇ 20ರಷ್ಟಾದರೂ ಹೆಚ್ಚಿರಲಿ. ಮೀಟರ್‌ಗೆ 14.4 ವ್ಯಾಟ್‌ನ 5 ಮೀಟರ್ ಸ್ಟ್ರಿಪ್‌ಗೆ 72 ವ್ಯಾಟ್ ಬೇಕು. ಅದಕ್ಕೆ 100 ವ್ಯಾಟ್‌ನ ಡ್ರೈವರ್ ಹಾಕಿದರೆ ನಿಶ್ಚಿಂತೆ. ಇಲ್ಲಿ ವ್ಯಾಟ್ ಹೆಚ್ಚಿದ್ದರೆ ತೊಂದರೆಯಿಲ್ಲ. ಸ್ಟ್ರಿಪ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ.

ಖರೀದಿಸುವಾಗ ಇದನ್ನೂ ಗಮನಿಸಿ

* ಭಾರತದಲ್ಲಿ ಎಲ್‌ಇಡಿ ಡ್ರೈವರ್‌ಗೆ ಬಿಐಎಸ್ ನೋಂದಣಿ ಕಡ್ಡಾಯ. 'ಆರ್' ಅಕ್ಷರದಿಂದ ಶುರುವಾಗುವ ಸಂಖ್ಯೆಯನ್ನು 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಪರಿಶೀಲಿಸಬಹುದು.
* ಬಾಲ್ಕನಿ, ಗೇಟ್‌ನಂಥ ಮಳೆ ಬೀಳುವ ಜಾಗಕ್ಕೆ ಐಪಿ65 ಅಥವಾ ಐಪಿ67 ಎಂದು ಬರೆದಿರುವುದನ್ನೇ ಆರಿಸಿ.
* ಡಿಮ್ಮರ್ ಸ್ವಿಚ್ ಇದ್ದರೆ ಅದಕ್ಕೆ ಹೊಂದುವ ಡಿಮ್ಮಬಲ್ ಡ್ರೈವರ್ ಕೇಳಿ. ಇಲ್ಲವಾದರೆ ಬೆಳಕು ಮಿಣುಕಬಹುದು.

ಡ್ರೈವರ್ ಬದಲಿಸುವ ಮುನ್ನ ಗೋಡೆಯ ಸ್ವಿಚ್ ಆರಿಸಿದರಷ್ಟೇ ಸಾಲದು, ಮೇನ್ ಆಫ್ ಮಾಡಲೇಬೇಕು. ಕರೆಂಟ್ ಇರುವಾಗ ಪ್ಯಾನೆಲ್ ಸಿಕ್ಕಿಸಿದರೆ ಎಲ್‌ಇಡಿ ಸುಟ್ಟುಹೋಗಬಹುದು, ಶಾಕ್ ಹೊಡೆಯುವ ಅಪಾಯವೂ ಇದೆ. ವೈರಿಂಗ್ ಗೊತ್ತಿಲ್ಲದವರು ಎಲೆಕ್ಟ್ರಿಷಿಯನ್ ಕರೆಸುವುದೇ ಒಳಿತು. ಅಂಗಡಿಗೆ ಹೋಗುವಾಗ ಹಳೆಯ ಡ್ರೈವರನ್ನು ಜತೆಗೆ ಒಯ್ಯಿರಿ, ಇಲ್ಲವೇ ಅದರ ಲೇಬಲ್‌ನ ಫೋಟೋ ಮೊಬೈಲ್‌ನಲ್ಲಿರಲಿ.