ಒಂದೇ ಟ್ರೇಯಲ್ಲಿ ಮೀನು, ತರಕಾರಿ: ಅಡುಗೆ ಮಾಡುವವರಿಗೂ ಪಂಕ್ತಿಯಲ್ಲಿ ಸ್ಥಳವಿರಲಿ

ಕರಾವಳಿಯ ಕಥೋಲಿಕ ಕುಟುಂಬಗಳಲ್ಲಿ ಮೀನಿಲ್ಲದ ಊಟವನ್ನು ಊಟವೆಂದು ಒಪ್ಪುವವರು ವಿರಳ. ಮಧ್ಯಾಹ್ನಕ್ಕೆ ಗಸಿಯೋ ಪುಳಿಮುಂಚಿಯೋ ಆದರೆ, ರಾತ್ರಿಗೆ ಕಾವಲಿಯಲ್ಲಿ ಕಾಯಿಸಿದ ಮೀನು ಇರಲೇಬೇಕು. ಈ ಪ್ರೀತಿಗೆ ನಮ್ಮ ಆಕ್ಷೇಪವಿಲ್ಲ. ಆದರೆ ಅದರ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂಬುದನ್ನು ನಾವೆಲ್ಲರೂ ಒಮ್ಮೆ ಯೋಚಿಸಬೇಕಾಗಿದೆ.

ಕಾವಲಿಯ ಮೀನು ಬಿಸಿಬಿಸಿಯಾಗಿದ್ದರೇ ರುಚಿ. ಆದ್ದರಿಂದ ಮನೆಮಂದಿ ಊಟಕ್ಕೆ ಕುಳಿತ ಮೇಲೂ ತಾಯಿಯೋ ಪತ್ನಿಯೋ ಒಲೆಯ ಮುಂದೆ ನಿಂತಿರುತ್ತಾರೆ. ನಾಲ್ಕು ತುಂಡು ಮಗುಚಿ, ನಾಲ್ಕು ತುಂಡು ಬಡಿಸಿ, ಮತ್ತೆ ನಾಲ್ಕು ತುಂಡು ಹಾಕುವಷ್ಟರಲ್ಲಿ ಇತರರ ಊಟ ಮುಗಿದಿರುತ್ತದೆ. ಕೊನೆಗೆ ಆಕೆ ಒಬ್ಬಳೇ, ಅನೇಕ ಸಲ ನಿಂತೇ, ಉಣ್ಣುತ್ತಾಳೆ. ದಿನವಿಡೀ ಕಚೇರಿಯಲ್ಲೋ ಶಾಲೆಯಲ್ಲೋ ದುಡಿದು ಬಂದವಳಿಗೂ ಇದೇ ಪಾಡು. ಕುಟುಂಬ ಒಟ್ಟಾಗಿ ಉಣ್ಣಬೇಕೆಂದು ಉಪದೇಶಿಸುವ ನಾವು, ಆ ಒಟ್ಟಿನೊಳಗೆ ಆಕೆಯನ್ನು ಸೇರಿಸಿಕೊಂಡಿದ್ದೇವೆಯೇ?

ಇದಕ್ಕೆ ಸುಲಭವಾದ ಉಪಾಯವೊಂದುಂಟು. ಕ್ರಿಸ್ಮಸ್ ಕೇಕಿಗೆಂದು ಹೊರತೆಗೆದು, ಉಳಿದ ಹನ್ನೊಂದು ತಿಂಗಳು ಬಟ್ಟೆ ಹೊದಿಸಿ ಇಡುವ ಓವನ್ ಅನೇಕ ಮನೆಗಳಲ್ಲಿದೆ. ಅದನ್ನು ವಾರದ ದಿನಗಳಲ್ಲಿಯೂ ದುಡಿಸಬಹುದು. ಓವನ್ನಿನ ಶಾಖ ಸುತ್ತಲಿಂದಲೂ ಬರುವುದರಿಂದ ಮೀನನ್ನು ಮಗುಚುವ ಕೆಲಸವಿಲ್ಲ. ಎಲ್ಲ ತುಂಡುಗಳೂ ಒಮ್ಮೆಗೇ ಬೇಯುತ್ತವೆ.

ನಾಲ್ವರ ಊಟಕ್ಕೆ ಎರಡು ಸೆಂಟಿಮೀಟರ್ ದಪ್ಪದ ನಾಲ್ಕು ಅಂಜಲ್ ತುಂಡುಗಳು, ಅಥವಾ ನಾಲ್ಕು ಮಧ್ಯಮ ಗಾತ್ರದ ಬಂಗುಡೆಗಳು ಸಾಕು. ಅದರೊಡನೆ ನಾಲ್ಕು ಬಟಾಟೆ, ಎರಡು ಕ್ಯಾರೆಟ್, ಎರಡು ನೀರುಳ್ಳಿ, ಒಂದು ದೊಣ್ಣೆಮೆಣಸು, ಎರಡು ಟೊಮೆಟೊ ಇರಲಿ. ಮಸಾಲೆಗೆ ಎರಡು ಚಹಾ ಚಮಚ ಮೆಣಸಿನ ಪುಡಿ, ತಲಾ ಅರ್ಧ ಚಮಚ ಅರಸಿನ ಮತ್ತು ಕಾಳುಮೆಣಸಿನ ಪುಡಿ, ಆರು ಎಸಳು ಬೆಳ್ಳುಳ್ಳಿ, ಒಂದು ಇಂಚು ಶುಂಠಿ, ಒಂದು ಲಿಂಬೆಯ ರಸ, ಒಂದು ಚಮಚ ಉಪ್ಪು. ತೆಂಗಿನೆಣ್ಣೆ ಮೂರು ದೊಡ್ಡ ಚಮಚ.

ಮೊದಲು ಓವನ್ನನ್ನು 200 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು ಹತ್ತು ನಿಮಿಷ ಕಾಯಿಸಬೇಕು. ಬಟಾಟೆ, ಕ್ಯಾರೆಟ್, ನೀರುಳ್ಳಿಗಳನ್ನು ಹೆಬ್ಬೆರಳಿನ ಅಗಲಕ್ಕೆ ಹೆಚ್ಚಿ, ಸ್ವಲ್ಪ ಉಪ್ಪು ಮತ್ತು ಎರಡು ಚಮಚ ಎಣ್ಣೆಯಲ್ಲಿ ಹೊರಳಿಸಿ, ಟ್ರೇಯಲ್ಲಿ ಒಂದೇ ಪದರವಾಗಿ ಹರಡಬೇಕು. ಒಂದರ ಮೇಲೊಂದು ರಾಶಿ ಹಾಕಿದರೆ ತರಕಾರಿ ತನ್ನದೇ ಹಬೆಯಲ್ಲಿ ಬೆಂದು ಮೆತ್ತಗಾದೀತೇ ಹೊರತು ಕೆಂಪಗಾಗದು. ಇವು 25 ನಿಮಿಷ ಬೇಯಲಿ.

ಆ ಅವಧಿಯಲ್ಲಿ ಮೀನನ್ನು ತೊಳೆದು, ಶುಭ್ರವಾದ ಬಟ್ಟೆಯಿಂದ ನೀರು ಒರಸಿ, ಅರೆದ ಮಸಾಲೆ ಮತ್ತು ಉಳಿದ ಎಣ್ಣೆ ಸವರಿ ಇಡಬೇಕು. ಬಂಗುಡೆಯಾದರೆ ಎರಡೂ ಬದಿಗೆ ಮೂರು ಮೂರು ಗೀರು ಹಾಕಬೇಕು. 25 ನಿಮಿಷಗಳಾದ ಬಳಿಕ ತರಕಾರಿಯನ್ನು ಒಮ್ಮೆ ಕದಡಿ, ದೊಣ್ಣೆಮೆಣಸು, ಟೊಮೆಟೊ, ಕರಿಬೇವುಗಳನ್ನು ಸೇರಿಸಿ, ಮೇಲೆ ಮೀನನ್ನಿಟ್ಟು ಮತ್ತೆ 12ರಿಂದ 15 ನಿಮಿಷ ಬೇಯಿಸಬೇಕು. ಇಡೀ ಬಂಗುಡೆಗೆ ಎರಡು ಮೂರು ನಿಮಿಷ ಹೆಚ್ಚು, ಭೂತಾಯಿಗೆ ಹತ್ತು ನಿಮಿಷ ಸಾಕು. ಮುಳ್ಳಿನ ಬಳಿ ಚಮಚದ ತುದಿಯಿಂದ ಒತ್ತಿದಾಗ ಮಾಂಸ ಬಿಳಿಯಾಗಿ ಪದರ ಪದರವಾಗಿ ಬಿಟ್ಟುಕೊಂಡರೆ ಬೆಂದಿದೆಯೆಂದು ತಿಳಿಯಬೇಕು.

ಎಲ್ಲವನ್ನೂ ಒಮ್ಮೆಗೇ ಇಡಬಾರದೇಕೆ ಎಂದು ಕೆಲವರು ಕೇಳಿಯಾರು. ಬಟಾಟೆಯ ಗಂಜಿ ಮೃದುವಾಗಲು ಹೆಚ್ಚಿನ ಶಾಖವೂ ಸಮಯವೂ ಬೇಕು. ಮೀನಿನ ಮಾಂಸವಾದರೋ ಕೋಮಲ. ಅದರ ಒಳಭಾಗ 63 ಡಿಗ್ರಿ ತಲುಪಿದರೆ ಬೆಂದಂತೆಯೇ. ಜೊತೆಯಾಗಿ ಇಟ್ಟರೆ ಬಟಾಟೆ ಬೇಯುವಷ್ಟರಲ್ಲಿ ಮೀನು ಒಣಗಿ ಹತ್ತಿಯಂತಾಗುತ್ತದೆ. ಈ ಅಡುಗೆಯ ಗುಟ್ಟು ಇಷ್ಟೇ.

ಓವನ್ ಇಲ್ಲದವರು ನಿರಾಶರಾಗಬೇಕಿಲ್ಲ. ನಮ್ಮ ಹಿರಿಯರು ಮುಚ್ಚಳದ ಮೇಲೆ ಕೆಂಡವನ್ನಿಟ್ಟು ಕೇಕು ಬೇಯಿಸಿದವರಲ್ಲವೇ? ದಪ್ಪ ತಳದ ಅಗಲ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ನಾಲ್ಕು ಚಮಚ ನೀರು ಚಿಮುಕಿಸಿ ತರಕಾರಿಯನ್ನು ಮುಚ್ಚಿ ಬೇಯಿಸಿ, ಬಟಾಟೆ ಮುಕ್ಕಾಲು ಬೆಂದಾಗ ಮೀನನ್ನಿಟ್ಟು ಮತ್ತೆ ಮುಚ್ಚಿದರೆ ಹತ್ತು ಹನ್ನೆರಡು ನಿಮಿಷಗಳಲ್ಲಿ ಸಿದ್ಧ. ಕೆಂಪು ಬಣ್ಣ ಕಡಿಮೆಯಾದರೂ ರುಚಿಗೆ ಕೊರತೆಯಿಲ್ಲ.

ಒಂದು ಎಚ್ಚರಿಕೆಯ ಮಾತು. ಬೆಳಿಗ್ಗೆ ತಂದ ಮೀನನ್ನು ರಾತ್ರಿಗೆ ಇಡುವುದಾದರೆ ಕೂಡಲೇ ಶುಚಿಗೊಳಿಸಿ ಫ್ರಿಜ್ಜಿನಲ್ಲಿಡಬೇಕು. ಬಂಗುಡೆ, ಭೂತಾಯಿಗಳು ಹೊರಗೆ ಸೆಕೆಯಲ್ಲಿ ಉಳಿದರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ವಸ್ತು ಬೆಳೆಯುತ್ತದೆ. ಮೈ ಕೆಂಪಾಗುವಿಕೆ, ತುರಿಕೆ, ತಲೆನೋವುಗಳಿಗೆ ಅದು ಕಾರಣ. ಒಮ್ಮೆ ಬೆಳೆದ ಹಿಸ್ಟಮಿನ್ ಎಷ್ಟು ಬೇಯಿಸಿದರೂ ನಾಶವಾಗದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಐಸ್ ಮೀನನ್ನೇ ನೆಚ್ಚಬೇಕಾಗುವುದುಂಟು. ಆಗಂತೂ ಕೊಳ್ಳುವಾಗಲೇ ಕಣ್ಣು, ಕಿವಿರುಗಳನ್ನು ಪರೀಕ್ಷಿಸುವುದು ಲೇಸು.

ತಪಸ್ಸುಕಾಲದ ಶುಕ್ರವಾರಗಳಿಗೂ ಈ ಅಡುಗೆ ಒಪ್ಪುತ್ತದೆ. 1983ರ ಧರ್ಮಸಭೆಯ ಕಾನೂನು ಸಂಹಿತೆ ಮಾಂಸವನ್ನು ತ್ಯಜಿಸಲು ಹೇಳುತ್ತದೆ. ಮೀನಿಗೆ ಆ ನಿರ್ಬಂಧವಿಲ್ಲ. ಆದರೆ ಕೋಳಿಯನ್ನು ಬಿಟ್ಟು ಅದಕ್ಕಿಂತ ದುಬಾರಿಯಾದ ಅಂಜಲ್‌ನ ಔತಣ ನಡೆಸಿದರೆ ತ್ಯಾಗವೆಲ್ಲಿ ಉಳಿಯಿತು? ಆ ದಿನಗಳಿಗೆ ಭೂತಾಯಿ, ಬಂಗುಡೆಗಳೇ ಯೋಗ್ಯ.

ಇಲ್ಲಿ ಕೈಕೆಲಸ ಹೆಚ್ಚೆಂದರೆ ಇಪ್ಪತ್ತು ನಿಮಿಷ. ಮೀನು ಬೇಯುವಷ್ಟರಲ್ಲಿ ಮನೆಮಂದಿಯೆಲ್ಲ ಜಪಸರ ಪ್ರಾರ್ಥನೆಗೆ ಕೂಡಬಹುದು. ಅಡುಗೆಮನೆಯಿಂದಲೇ ಉತ್ತರ ಹೇಳುವ ಅವಸರ ಯಾರಿಗೂ ಇರದು. ಬಳಿಕ ಮಕ್ಕಳು ತಟ್ಟೆಗಳನ್ನಿಡಲಿ, ಯಜಮಾನರು ನೀರು ತರಲಿ, ಟ್ರೇಯನ್ನು ಮೇಜಿನ ನಡುವೆ ಇಟ್ಟು ಎಲ್ಲರೂ ಒಮ್ಮೆಗೇ ಕುಳಿತುಕೊಳ್ಳಲಿ. ಕೊನೆಗೆ ತೊಳೆಯಲು ಉಳಿಯುವುದು ಒಂದೇ ಟ್ರೇ. ಅದನ್ನು ತೊಳೆಯುವ ಸರದಿ ಯಾರದೆಂಬುದನ್ನು ಊಟ ಮಾಡುತ್ತಲೇ ತೀರ್ಮಾನಿಸಬಹುದು. ಅಡುಗೆ ಮಾಡಿದವರ ಹೆಸರು ಮಾತ್ರ ಆ ಪಟ್ಟಿಯಲ್ಲಿ ಇರದಿರಲಿ.